ಬೈಯಿರಿ, ಆದರೆ ಆಟವನ್ನು ಬೈಯಿರಿ

ರಿಯಾಲಿಟಿ ಶೋ ಸ್ಪರ್ಧಿಗಳನ್ನು ಟೀಕಿಸಬಾರದು ಅಂತ ನಾನು ಹೇಳುತ್ತಿಲ್ಲ. ಟಾಸ್ಕ್‌ನಲ್ಲಿ ಮೋಸ ಮಾಡಿದರೆ ಹೇಳಲೇಬೇಕು. ನಾಮಿನೇಷನ್‌ಗೆ, ಅಂದರೆ ಯಾರು ಹೊರಹೋಗಬೇಕು ಅಂತ ಹೆಸರಿಸುವುದಕ್ಕೆ, ಕೊಟ್ಟ ಕಾರಣ ಪೊಳ್ಳಾಗಿದ್ದರೆ ಅದನ್ನೂ ಹೇಳಬೇಕು. ವೋಟು ಕೇಳುವವರು ಅಷ್ಟನ್ನು ಕೇಳಿಸಿಕೊಳ್ಳಲೇಬೇಕು. ಆದರೆ ಎಪಿಸೋಡ್ ಮುಗಿಯುತ್ತಿದ್ದ ಹಾಗೇ ಆ ಸ್ಪರ್ಧಿಯ ಇನ್‌ಸ್ಟಾಗ್ರಾಂಗೆ ನುಗ್ಗಿ, ಹಳೇ ಫೋಟೊ ಕೆದಕಿ, ಹೆತ್ತವರನ್ನೂ ಎಳೆದು ತಂದು ಬೈಯುತ್ತಾರಲ್ಲ, ಅದಕ್ಕೂ ಆಟಕ್ಕೂ ಏನು ಸಂಬಂಧ? ನನಗೆ ಸಿಟ್ಟು ಬರುವುದು ಅಲ್ಲೇ.

ಅಷ್ಟಕ್ಕೂ ನಾವು ನೋಡಿದ್ದಾದರೂ ಎಷ್ಟು? ಮನೆಯೊಳಗೆ ಕೂಡಿಹಾಕುವ ಶೋಗಳಲ್ಲಿ ಹಗಲೂ ರಾತ್ರಿ ಕ್ಯಾಮೆರಾ ಓಡುತ್ತಿರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಒಂದು ಗಂಟೆಯಷ್ಟು, ಅದರಲ್ಲೂ ಜಾಹೀರಾತು. ಮುಂದಿನ ಸಲ ಜಗಳದ ಸೀನ್ ಬಂದಾಗ ಮಾತಾಡುವವರ ಬಾಯಿಯನ್ನೇ ನೋಡಿ. ಮಾತು ಶುರುವಾದಾಗ ಮುಖ ಕಾಣುತ್ತದೆ. ಅರ್ಧದಲ್ಲಿ ಕ್ಯಾಮೆರಾ ಎದುರಿನವರ ಕಡೆ ತಿರುಗುತ್ತದೆ, ದನಿ ಮಾತ್ರ ಕೇಳುತ್ತಿರುತ್ತದೆ. ಆ ಉಳಿದರ್ಧ ಅದೇ ಹೊತ್ತಿನ ಮಾತೇ ಆಗಿರಬೇಕು ಅಂತೇನಿಲ್ಲ. ಬೇರೆ ಬೇರೆ ಹೊತ್ತಲ್ಲಿ ಆಡಿದ ತುಣುಕುಗಳನ್ನು ಜೋಡಿಸಿ ಒಂದೇ ವಾಕ್ಯ ಮಾಡುವುದುಂಟು. ಎಡಿಟಿಂಗ್ ಮಾಡುವವರು ಇದನ್ನು ‘ಫ್ರಾಂಕನ್‌ಬೈಟ್’ ಅಂತಾರೆ. ಕಣ್ಣು ಹೊರಳಿಸಿದ ಶಾಟ್ ಕೂಡ ಅಷ್ಟೇ, ಯಾವ ಮಾತಿಗೆ ಹೊರಳಿಸಿದ್ದೋ, ಯಾವ ಮಾತಿನ ಪಕ್ಕ ಕೂತಿರುತ್ತದೋ!

ಜಪಾನಿನ ಹಾನಾ ಕಿಮುರಾ ನೆನಪಿದ್ದಾರಾ? ಕುಸ್ತಿಪಟು. ‘ಟೆರೇಸ್ ಹೌಸ್’ ಅನ್ನೋ ಶೋನಲ್ಲಿದ್ದರು. ಅದು ಸ್ಪರ್ಧೆಯೂ ಅಲ್ಲ, ಆರು ಜನ ಒಂದೇ ಮನೆಯಲ್ಲಿ ಇರುವುದು, ಅಷ್ಟೇ. ಅವರ ಕುಸ್ತಿಯ ಉಡುಪು ವಾಷಿಂಗ್ ಮಷೀನ್‌ನಲ್ಲಿ ಹಾಳಾಯಿತು. ಅದಕ್ಕೆ ಕಾರಣನಾದ ಹುಡುಗನ ಮೇಲೆ ರೇಗಿ ಅವನ ಟೋಪಿ ಬೀಳಿಸಿದರು. ಇಷ್ಟಕ್ಕೇ ಬೈಗುಳದ ಸುರಿಮಳೆ. 2020ರ ಮೇನಲ್ಲಿ, 22ನೇ ವಯಸ್ಸಿಗೆ, ಹಾನಾ ತಾವೇ ಪ್ರಾಣ ಕಳೆದುಕೊಂಡರು. ಬೈದವರಲ್ಲಿ ಒಬ್ಬನಿಗೆ ಬಿದ್ದ ದಂಡ 9,000 ಯೆನ್. ಹಾನಾ ಅವರ ತಾಯಿ ಹೋರಾಟ ಬಿಡಲಿಲ್ಲ. 2022ರಲ್ಲಿ ಅಲ್ಲಿನ ಸಂಸತ್ತು ಕಾನೂನು ಬಿಗಿ ಮಾಡಿತು: ಅವಮಾನ ಮಾಡಿದ ತಪ್ಪಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 3 ಲಕ್ಷ ಯೆನ್‌ವರೆಗೆ ದಂಡ.

‘ಗೊತ್ತಿದ್ದೇ ಶೋಗೆ ಹೋಗಿದ್ದಲ್ವಾ, ಅನುಭವಿಸಲಿ’ ಅನ್ನುವವರು ಜಾಸ್ತಿ. ನಾನು ಇದನ್ನು ಒಪ್ಪಲ್ಲ. ಆಡಲು ಒಪ್ಪಿ ಹೋದವರು ಸೋಲಿಗೆ ಒಪ್ಪಿರುತ್ತಾರೆ, ಸಾವಿನ ಬೆದರಿಕೆಗಲ್ಲ. ಕೂಡಿಹಾಕುವ ಶೋಗಳಲ್ಲಿ ಒಳಗಿರುವವರ ಹತ್ತಿರ ಫೋನೂ ಇರುವುದಿಲ್ಲ. ಎಲಿಮಿನೇಟ್ ಆಗಿ ಹೊರಗೆ ಬಂದಾಗ ಫೋನ್ ಕೈಗೆ ಕೊಡುತ್ತಾರೆ. ಆನ್ ಮಾಡಿದರೆ, ವಾರಗಟ್ಟಲೆ ಬಂದ ಬೈಗುಳವೆಲ್ಲ ಒಂದೇ ಸಲ ಕಣ್ಣಮುಂದೆ. ಅವರ ಪರವಾಗಿ ಅಕೌಂಟ್ ನೋಡಿಕೊಳ್ಳುತ್ತಿದ್ದ ತಂಗಿಯೋ ತಮ್ಮನೋ ಅದನ್ನು ದಿನವೂ ಓದಿರುತ್ತಾರೆ.

ಬ್ರಿಟನ್ನಿನ ‘ಲವ್ ಐಲ್ಯಾಂಡ್’ ಅನ್ನೋ ಶೋ 2023ರಲ್ಲಿ ಒಂದು ನಿಯಮ ತಂದಿತು. ಸ್ಪರ್ಧಿ ಒಳಗಿರುವಷ್ಟು ದಿನ ಅವರ ಸೋಷಿಯಲ್ ಮೀಡಿಯಾ ಅಕೌಂಟ್‌ಗಳಲ್ಲಿ ಯಾರೂ ಏನೂ ಹಾಕುವಂತಿಲ್ಲ. ಬೇರೆ ಶೋಗಳೂ ಇದನ್ನು ಯಾಕೆ ಮಾಡಬಾರದು? ಜಗಳದ ಪ್ರೋಮೊ ಕತ್ತರಿಸಿ ಹಾಕಲು ಚಾನೆಲ್‌ಗೆ ಆಳುಗಳಿದ್ದಾರೆ. ಅದರ ಕೆಳಗೆ ಬೀಳುವ ಬೆದರಿಕೆಗಳನ್ನು ಅಳಿಸುವುದಕ್ಕೂ ಆಳಿಡಲಿ.