ಬಾಚಣಿಗೆ ನನಗೆ, ಬಾಣಲೆ ಮಕ್ಕಳಿಗೆ

ಕಳೆದ ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವಾಗ ಹಳೆಯ ಗೆಳತಿಯೊಬ್ಬಳು ಹೇಳಿದಳು, "ಈ ವರ್ಷ ನಾನು ಕುಸ್ವಾರ್ ಮಾಡುವುದಿಲ್ಲ ಮಾರಾಯ್ತಿ. ಮಕ್ಕಳು ದೊಡ್ಡವರಾದರು. ಇನ್ನು ಯಾರಿಗೆ ಅಂತ ಮಾಡುವುದು? ಬೇಕರಿಯಿಂದ ಎರಡು ಕಿಲೋ ತಂದರೆ ಮುಗಿಯಿತು." ನಾನು ಆಗ ಏನೂ ಹೇಳಲಿಲ್ಲ. ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು. ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ನಾಲ್ಕು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುಸ್ವಾರ್ ಅಂದರೆ ಮಂಗಳೂರು ಕಡೆಯ ನಮ್ಮ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಇರುವ ಹೆಸರು. ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಲಿ, ಪೇರಳೆ ಹಣ್ಣಿನ ಪೆರಾದ್, ಹೀಗೆ. ನೆವ್ರಿ ಅಂದರೆ ನಿಮ್ಮ ಕರ್ಜಿಕಾಯಿ. ಕೊಕ್ಕಿಸಾಂ ಅಂದರೆ ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಗೆ ಬಿಡುವ ಗರಿಗರಿ ತಿಂಡಿ, ಕೇರಳದವರು ಅಚ್ಚಪ್ಪಂ ಅನ್ನುತ್ತಾರೆ. ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು. ನೋಡಲಿಕ್ಕೂ ಹಾಗೇ ಉಂಟು. ಪೋರ್ಚುಗೀಸರು ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಕೊನ್ಸೊವಾದಾ ಅನ್ನುತ್ತಾರೆ, ಗೋವಾದಲ್ಲಿ ಅದೇ ಮಾತು ನೆರೆಮನೆಗೆ ಕಳಿಸುವ ತಿಂಡಿ ತಟ್ಟೆಯ ಹೆಸರಾಯಿತು, ನಮ್ಮ ಕುಸ್ವಾರ್ ಕೂಡ ಅಲ್ಲಿಂದಲೇ ಬಂದದ್ದು ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಕಿಡಿಯೊಗೆ ಒಂದು ಬಾಚಣಿಗೆ ಉಂಟು. ತಲೆಗೆ ಯಾವತ್ತೂ ಮುಟ್ಟಿಸದ್ದು. ನನ್ನ ಮದುವೆಯಾದ ವರ್ಷ ಅತ್ತೆ ಹೊಸದಾಗಿ ತರಿಸಿಕೊಟ್ಟಿದ್ದರು. ಮೈದಾಕ್ಕೆ ಮೊಟ್ಟೆ, ಸ್ವಲ್ಪ ತುಪ್ಪ, ದಪ್ಪ ತೆಂಗಿನಹಾಲು ಹಾಕಿ ನಾದಿ, ಗೇರುಬೀಜದಷ್ಟು ಉಂಡೆ ತೆಗೆದು, ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ, ಹೆಬ್ಬೆರಳಿನಿಂದ ಮೆಲ್ಲ ಎಳೆದರೆ ಅದು ಗೆರೆ ಗೆರೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಮಗಳು ಇದನ್ನು ಕಲಿತದ್ದು ನಾಲ್ಕು ವರ್ಷದವಳಿದ್ದಾಗ. ಮಗ ಅದಕ್ಕಿಂತ ಮೊದಲೇ. ಒಂದು ಕಿಲೋ ಮೈದಾ ಅಂದರೆ ಮೂವರು ಕೂತರೂ ಎರಡು ಗಂಟೆಯ ಕೆಲಸ. ಚಾಪೆ ಹಾಸಿ, ಮೇಲೆ ಹಳೆಯ ಬಿಳಿ ಬಟ್ಟೆ ಹಾಸಿ, ಅದರ ತುಂಬಾ ಹುಳುಗಳನ್ನು ಸಾಲಾಗಿ ಇಡುವುದು. ಯಾರ ಸಾಲು ಉದ್ದ ಅಂತ ಇಬ್ಬರಿಗೂ ಜಗಳ. ಒಲೆಯ ಹತ್ತಿರ ಮಾತ್ರ ಯಾರೂ ಬರುವ ಹಾಗಿಲ್ಲ. ಕುದಿಯುವ ಎಣ್ಣೆ ಅಲ್ವಾ? ಅದು ನನ್ನ ಜಾಗ.

ಆ ನಿಯಮ ಹಾಗೇ ಉಳಿದುಬಿಟ್ಟಿತು. ಮಗಳು ಇಂಜಿನಿಯರಿಂಗ್ ಮುಗಿಸಿದಳು, ಅಮೆರಿಕಕ್ಕೆ ಹೋದಳು, ಮದುವೆಯಾದಳು. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಆದರೂ ಡಿಸೆಂಬರ್‌ನಲ್ಲಿ ಇಬ್ಬರೂ ಮನೆಗೆ ಬಂದರೆ ನಾನು ಅದೇ ಚಾಪೆ ಹಾಸಿ ಅದೇ ಬಾಚಣಿಗೆ ಕೊಡುತ್ತಿದ್ದೆ. ಒಂದು ವರ್ಷ ಇಬ್ಬರೂ ಹತ್ತು ನಿಮಿಷ ಕೂತು, ಆಮೇಲೆ ಒಬ್ಬೊಬ್ಬರಾಗಿ ಫೋನ್ ಹಿಡಿದು ಎದ್ದು ಹೋದರು. ನನಗೆ ತುಂಬಾ ಬೇಸರವಾಯಿತು. ಎಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುತ್ತಾ ಹೇಳಿದೆ, "ನಿಮಗೆ ಈಗ ಇದೆಲ್ಲ ಬೇಡ. ಮುಂದಿನ ವರ್ಷದಿಂದ ಅಂಗಡಿಯಿಂದ ತರುವ."

ಮಗಳು ಸಿಟ್ಟು ಮಾಡಲಿಲ್ಲ. ಹತ್ತಿರ ಬಂದು ನಿಂತು ಹೇಳಿದಳು, "ಮಮ್ಮಿ, ನಾನು ಅಲ್ಲಿ ಒಂದು ಮನೆ ನಡೆಸುತ್ತೇನೆ. ಇಲ್ಲಿ ಬಂದರೆ ನೀವು ನನಗೆ ಇನ್ನೂ ಬಾಚಣಿಗೆಯೇ ಕೊಡ್ತೀರಲ್ಲ."

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ತಪ್ಪು ಫೋನಿನದ್ದು ಅಂತ ಅಂದುಕೊಂಡಿದ್ದೆ. ಐದು ವರ್ಷದ ಮಗುವಿನ ಕೆಲಸವನ್ನು ಇಪ್ಪತ್ತೈದು ದಾಟಿದವರಿಗೆ ಕೊಟ್ಟು, ಅವರು ಖುಷಿಯಿಂದ ಮಾಡಬೇಕು ಅಂತ ಕಾಯುತ್ತಿದ್ದವಳು ನಾನು.

ಮುಂದಿನ ಡಿಸೆಂಬರ್‌ಗೆ ಜಾಗ ಬದಲಾಯಿಸಿದೆವು. ಚಾಪೆಯ ಮೇಲೆ ಬಾಚಣಿಗೆ ಹಿಡಿದು ನಾನು ಕೂತೆ. ಕಿಡಿಯೊ ಕರಿಯುವುದು, ಪಾಕ ಮಾಡುವುದು ಮಗಳಿಗೆ. ಕೊಕ್ಕಿಸಾಂ ಮಗನಿಗೆ.

ಕೊಕ್ಕಿಸಾಂ ಮಾಡಿದವರಿಗೆ ಅದರ ಕಷ್ಟ ಗೊತ್ತು. ಅಚ್ಚು ಹಿಂದಿನ ರಾತ್ರಿಯಿಂದಲೇ ಎಣ್ಣೆಯಲ್ಲಿ ಮುಳುಗಿರಬೇಕು. ಬಿಸಿ ಕಡಿಮೆಯಾದರೆ ಹಿಟ್ಟು ಅದಕ್ಕೆ ಹಿಡಿಯುವುದೇ ಇಲ್ಲ, ಜಾರಿ ಹೋಗುತ್ತದೆ. ಹಿಟ್ಟಿಗೆ ಅದ್ದುವಾಗ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಿನಿಂದ ಮುಚ್ಚಿಕೊಂಡು, ಎಷ್ಟು ಅಲುಗಾಡಿಸಿದರೂ ಹೂವು ಅಚ್ಚಿನಿಂದ ಬಿಡುವುದಿಲ್ಲ. ಮಗ ಎರಡೂ ತಪ್ಪು ಮಾಡಿದ. ಮೊದಲ ಎಂಟೋ ಒಂಬತ್ತೋ ಹಾಳಾದವು. ಬಾಯಿ ಬಿಡಬಾರದು ಅಂತ ನಾನು ಚಾಪೆಯ ಮೇಲೆ ಹಲ್ಲು ಕಚ್ಚಿ ಕೂತಿದ್ದೆ. ಹೇಳಿದ್ದರೆ ಅವನು ಆ ಅಚ್ಚನ್ನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದ, ಅದು ಮತ್ತೆ ಅವನ ಕೈಗೆ ಹೋಗುತ್ತಿರಲಿಲ್ಲ. ಹತ್ತನೆಯದೋ ಏನೋ, ಅವನು ಅಚ್ಚನ್ನು ಎಣ್ಣೆಯೊಳಗೆ ಮೆಲ್ಲ ಒಮ್ಮೆ ಅಲುಗಾಡಿಸಿದ್ದೇ ತಡ, ಹೂವು ತಾನಾಗಿ ಬಿಟ್ಟು ಎಣ್ಣೆಯ ಮೇಲೆ ತೇಲಿತು. ಅವನು ಜೋರಾಗಿ "ಮಮ್ಮಿ!" ಅಂದ. ಆರನೇ ಕ್ಲಾಸಿನಲ್ಲಿ ಓಟದಲ್ಲಿ ಗೆದ್ದು ಬಂದಾಗ ಹಾಗೆ ಕೂಗಿದ್ದ.

ಮರುವರ್ಷ ಅವನು ಅಡುಗೆಯ ಥರ್ಮಾಮೀಟರ್ ತಂದ, ಒಂದು ಡಿಜಿಟಲ್ ತಕ್ಕಡಿಯನ್ನೂ ತಂದ. ನನ್ನದೆಲ್ಲ ಕುಡ್ತೆ ಲೆಕ್ಕ. ಅವನು ನನ್ನ ಕುಡ್ತೆಯಲ್ಲಿ ಅಕ್ಕಿಹಿಟ್ಟು ತುಂಬಿ ತೂಗಿ 140 ಗ್ರಾಂ ಅಂತ ಪುಸ್ತಕದಲ್ಲಿ ಬರೆದುಕೊಂಡ. ನಾನು ಎಣ್ಣೆಗೆ ಒಂದು ತೊಟ್ಟು ಹಿಟ್ಟು ಬಿಟ್ಟು, ಅದು ಮೇಲೆ ಬರುವ ರೀತಿ ನೋಡಿ "ಈಗ" ಅಂದೆ. ಅವನ ಥರ್ಮಾಮೀಟರ್ 178 ತೋರಿಸಿತು. ಸುಮ್ನೆ ಹೇಳುವುದಲ್ಲ, ನನ್ನ ಕಣ್ಣಳತೆ ಒಂದು ಅಂಕೆಯಾಗಿ ಅವನ ಪುಸ್ತಕ ಸೇರಿದ್ದು ನೋಡಿ ಕಣ್ಣು ತುಂಬಿತು. ನನ್ನ ಅತ್ತೆಯ ಕಣ್ಣಳತೆಯನ್ನು ನಾನು ಎಲ್ಲೂ ಬರೆದಿಡಲಿಲ್ಲ. ಅವರು ಮಾಡುತ್ತಿದ್ದ ಗುಳಿಯೊ ರುಚಿ ಇವತ್ತಿಗೂ ನನ್ನ ಕೈಗೆ ಬಂದಿಲ್ಲ.

ಮಗಳ ಪಾಕದ ಬಗ್ಗೆ ಹೇಳಲೇಬೇಕು. ಕರಿದ ಕಿಡಿಯೊವನ್ನು ದಪ್ಪ ಸಕ್ಕರೆ ಪಾಕಕ್ಕೆ ಹಾಕಿ, ಒಲೆಯಿಂದ ಇಳಿಸಿ, ಕೈ ಬಿಡದೆ ಮಗುಚುತ್ತಾ ಇರಬೇಕು. ಮೊದಲು ಎಲ್ಲ ಒಂದಕ್ಕೊಂದು ಅಂಟಿ ಹೊಳೆಯುತ್ತವೆ. ಕೈ ನೋಯುತ್ತದೆ, ಕೆಟ್ಟೇ ಹೋಯಿತು ಅನಿಸುತ್ತದೆ. ಆಗ ನಿಲ್ಲಿಸಬಾರದು. ಒಂದು ಗಳಿಗೆಯಲ್ಲಿ ಪಾಕ ಒಣಗಿ ಬೆಳ್ಳಗಾಗಿ ಒಂದೊಂದೂ ಬಿಡಿಬಿಡಿಯಾಗುತ್ತದೆ. ಅದನ್ನು ನೋಡುವ ಮೊದಲು ಕಿವಿಗೇ ಗೊತ್ತಾಗುವುದು. ಅಲ್ಲಿಯವರೆಗೆ ಪಚಪಚ ಅನ್ನುತ್ತಿದ್ದ ಪಾತ್ರೆ ಇದ್ದಕ್ಕಿದ್ದ ಹಾಗೆ ಸಣ್ಣ ಜಲ್ಲಿಕಲ್ಲು ಅಲುಗಿಸಿದ ಹಾಗೆ ಸದ್ದು ಮಾಡುತ್ತದೆ. ಇಷ್ಟು ವರ್ಷ ಆ ಸದ್ದನ್ನು ಅವಳು ದೂರದಿಂದ ಕೇಳಿದ್ದಳು. ತನ್ನದೇ ಸೌಟಿನ ಕೆಳಗೆ ಅದು ಬಂದಾಗ ಮಗುಚುವುದನ್ನೇ ಮರೆತು ನಿಂತಳು.

ಅವಳಿರುವುದು ಮಿನೆಸೋಟದಲ್ಲಿ. ಅಲ್ಲಿ ನಾರ್ವೆ, ಸ್ವೀಡನ್ ಕಡೆಯಿಂದ ಹಿಂದೆ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು ಬಹಳ ಜನ ಇದ್ದಾರೆ. ಅವಳ ಆಫೀಸಿನ ಹಿರಿಯ ಹೆಂಗಸೊಬ್ಬರು ಡಿಸೆಂಬರ್‌ನ ಒಂದು ಶನಿವಾರ ಮನೆಗೆ ಕರೆದರಂತೆ. ಅವರ ಮೂವರು ಮಕ್ಕಳೂ ಮೂವತ್ತು ದಾಟಿದವರು. ಒಬ್ಬ ಕಾರಿನಲ್ಲಿ ಐದು ಗಂಟೆ ದೂರದಿಂದ ಬಂದಿದ್ದ. ಎಲ್ಲರೂ ಮೇಜಿನ ಸುತ್ತ ಕೂತು ನಕ್ಷತ್ರ, ಗಂಟೆ, ಮರದ ಆಕಾರದ ಬಿಸ್ಕತ್ತುಗಳ ಮೇಲೆ ಐಸಿಂಗ್ ಬಳಿಯುವುದು, ಸಂಜೆಯವರೆಗೆ. ಮೊಟ್ಟೆಯ ಬಿಳಿ ಭಾಗಕ್ಕೆ ಪುಡಿ ಸಕ್ಕರೆ ಹಾಕಿ ಕಡೆದು, ನಿಂಬೆರಸ ಹಿಂಡಿ, ಬಣ್ಣ ಹಾಕಿ, ಸಣ್ಣ ಚೀಲದಲ್ಲಿ ತುಂಬಿ ಗೆರೆ ಎಳೆಯುವುದು. ಪ್ರತಿ ಮಗನದ್ದೂ ಒಂದೊಂದು ಶೈಲಿ, ನೋಡಿದರೆ ಯಾರದ್ದು ಅಂತ ತಾಯಿ ಹೇಳುತ್ತಿದ್ದರಂತೆ. ಅಷ್ಟರಲ್ಲಿ ಆ ಹೆಂಗಸು ಕಪಾಟಿನಿಂದ ಉದ್ದ ಹಿಡಿಯ ಹೂವಿನ ಅಚ್ಚು ತೆಗೆದರು. ಮಗಳು ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದಳು. "ಮಮ್ಮಿ, ಇಲ್ಲಿ ಕೊಕ್ಕಿಸಾಂ ಉಂಟು!" ಅವರು ರೋಸೆಟ್ ಅನ್ನುತ್ತಾರೆ. ಅದೇ ಅಚ್ಚು, ಅದೇ ಎಣ್ಣೆ, ಅದೇ ಮುಕ್ಕಾಲು ಅದ್ದುವ ಲೆಕ್ಕ. ತೆಂಗಿನಹಾಲು ಮಾತ್ರ ಇಲ್ಲ. ನಾನು ಇಲ್ಲಿಂದ, ಅವರು ಅಲ್ಲಿಂದ, ಭಾಷೆ ಸರಿಯಾಗಿ ಬಾರದೆ, ಅಚ್ಚುಗಳನ್ನು ಪರದೆಗೆ ಹಿಡಿದು ತೋರಿಸಿಕೊಂಡೆವು.

ಆಮೇಲೆ ಊರಿಗೆ ಬಂದಾಗ ಅವಳು ನಾನ್‌ಕಟಾಯಿ ಮೇಲೆ ಬಣ್ಣದ ಐಸಿಂಗ್ ಹಾಕುತ್ತೇನೆ ಅಂದಳು. ನನಗೆ ಇಷ್ಟವಾಗಲಿಲ್ಲ, ಬೇಡ ಅಂದೆ. ಅವಳು ಕೇಳಿದಳು, "ಮಾರ್ಜಿಪಾನ್‌ಗೆ ಬಾದಾಮಿ ಬದಲು ಗೇರುಬೀಜ ಹಾಕಿದ್ದು ಯಾರು?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾದಾಮಿಯ ತಿಂಡಿಯನ್ನು ಗೋವಾದವರೂ ನಾವೂ ಗೇರುಬೀಜದಲ್ಲಿ ಮಾಡಿ ನಮ್ಮದು ಮಾಡಿಕೊಂಡೆವು. ಆ ಗೇರುಮರವನ್ನೂ ಬ್ರೆಜಿಲ್‌ನಿಂದ ಪೋರ್ಚುಗೀಸರೇ ತಂದದ್ದು. ಐಸಿಂಗ್ ಹಾಕಿದ ನಾನ್‌ಕಟಾಯಿ ಈಗಲೂ ನನಗೆ ಸಿಹಿ ಜಾಸ್ತಿಯೇ. ಆದರೆ ನೆರೆಮನೆಯ ಮಕ್ಕಳು ತಟ್ಟೆಯಲ್ಲಿ ಮೊದಲು ಹುಡುಕುವುದು ಅದನ್ನೇ. ಆ ಮನೆಯವರು ನಮಗೆ ಅಷ್ಟಮಿಗೆ ಉಂಡೆ ಚಕ್ಕುಲಿ ಕಳಿಸುತ್ತಾರೆ, ಆ ಋಣವೂ ಉಂಟಲ್ಲ.

ಇನ್ನೊಂದು ವಿಷಯ. ಬರೆಯಬಹುದಾ ಅಂತ ಮಗನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವನು ಕೆಲಸ ಬಿಡಬೇಕು ಅಂತ ಯೋಚಿಸುತ್ತಿದ್ದಾನೆ ಅನ್ನುವುದನ್ನು ನನಗೆ ಮೊದಲು ಹೇಳಿದ್ದು ಆ ಬಾಣಲೆಯ ಮುಂದೆ ನಿಂತು. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಹೂವು ಬಿಡುವುದು, ಒಂದು ಮಾತು ಹೇಳುವುದು, ಇನ್ನೊಂದು ಹೂವು ಬಿಡುವುದು. ರಾತ್ರಿ ಹನ್ನೊಂದರವರೆಗೆ ಕೆಲಸ, ಮೇಲಿನವರ ಬೈಗುಳ, ಎಂಟು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಎದುರು ಕೂರಿಸಿ "ಏನು ವಿಷಯ ಹೇಳು" ಅಂದಿದ್ದರೆ ಅವನು ಹೇಳುತ್ತಿರಲಿಲ್ಲ. ನಾನೂ ಎದುರಿಗಿದ್ದಿದ್ದರೆ ಮುಖ ಸಪ್ಪೆ ಮಾಡುತ್ತಿದ್ದೆ, ಅದನ್ನು ನೋಡಿ ಅವನು ಅರ್ಧಕ್ಕೇ ನಿಲ್ಲಿಸುತ್ತಿದ್ದ. ಮೂರು ಕಿಲೋ ಹಿಟ್ಟು ಮುಗಿಯುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ. ಈಗ ಬೇರೆ ಕಡೆ ಇದ್ದಾನೆ, ಸಂಬಳ ಸ್ವಲ್ಪ ಕಡಿಮೆ, ಮುಖದಲ್ಲಿ ಗೆಲುವು ಉಂಟು.

ಬೇಕರಿಯ ಮೇಲೆ ನನಗೆ ಏನೂ ಸಿಟ್ಟಿಲ್ಲ. ಕೇರಳದ ತಲಶ್ಶೇರಿಯಲ್ಲಿ ಬೇಕರಿ ಇಟ್ಟಿದ್ದ ಮಾಂಬಳ್ಳಿ ಬಾಪು 1883ರಲ್ಲೇ ಕ್ರಿಸ್ಮಸ್ ಕೇಕ್ ಮಾಡಿದವರು, ನಮ್ಮ ಮನೆಗೂ ಕೇಕ್ ಬೇಕರಿಯಿಂದಲೇ ಬರುತ್ತದೆ. ಕೈಲಾಗದವರು, ಒಬ್ಬರೇ ಇರುವವರು, ಮೊಣಕಾಲು ನೋವಿನವರು ಅಂಗಡಿಯಿಂದ ತರಲಿ, ಅದರಲ್ಲಿ ಏನೂ ಕಡಿಮೆ ಇಲ್ಲ. ಆದರೆ "ಮಕ್ಕಳು ದೊಡ್ಡವರಾದರು" ಅನ್ನುವುದು ಮಾತ್ರ ನಿಲ್ಲಿಸಲಿಕ್ಕೆ ಕಾರಣವೇ ಅಲ್ಲ. ಚಿಕ್ಕವರಿದ್ದಾಗ ಅವರು ಬೇರೆ ದಾರಿ ಇಲ್ಲದೆ ನಮ್ಮ ಜೊತೆ ಕೂತರು. ಈಗ ರಜೆ ಹಾಕಿ, ಟಿಕೆಟ್ ತೆಗೆದು, ಬೇಕು ಅಂತಲೇ ಬರುತ್ತಾರೆ. ಹಾಗೆ ಬಂದವರಿಗೆ ಒಲೆ ಬಿಟ್ಟುಕೊಡಿ. ಎರಡು ವರ್ಷ ಕೊಕ್ಕಿಸಾಂ ಸೊಟ್ಟ ಆಗಲಿ, ಪಾಕ ಹೆಚ್ಚುಕಡಿಮೆ ಆಗಲಿ, ಏನು ಹೋಗುತ್ತದೆ?

ನಿನ್ನೆ ಆ ಗೆಳತಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅವಳ ಮಗ 22ಕ್ಕೆ ದುಬೈಯಿಂದ ಬರುತ್ತಾನಂತೆ. "ಅವನಿಗೆ ನೆವ್ರಿ ಕಟ್ಟಲಿಕ್ಕೆ ಬರುತ್ತದಾ?" ಅಂತ ಕೇಳಿದೆ. "ಗೊತ್ತಿಲ್ಲ, ಯಾವತ್ತೂ ಕೇಳಲಿಲ್ಲ" ಅಂದಳು.

ನಮ್ಮ ಮಗಳು ಅಳಿಯ 18ಕ್ಕೆ ಬರುತ್ತಾರೆ. ಬಾಚಣಿಗೆ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟಾಯಿತು. ಏಳು ತೆಂಗಿನಕಾಯಿ ಸುಲಿಸಿ ಇಟ್ಟಿದ್ದೇನೆ. ಬಿಳಿ ಬಟ್ಟೆ ಒಗೆದು ಮಡಚಿಟ್ಟಿದ್ದೇನೆ. ಕೊಕ್ಕಿಸಾಂ ಅಚ್ಚನ್ನು ಮಾತ್ರ ಕಪಾಟಿನಿಂದ ತೆಗೆದಿಲ್ಲ. ಅದನ್ನು ಎಣ್ಣೆಗೆ ಹಾಕುವುದು ಮಗನ ಕೆಲಸ, ಬಂದು ಅವನೇ ಹಾಕಲಿ.