ಎಷ್ಟು ಕೊಡುತ್ತೆ ಸಾರ್?

ನನ್ನ ಬೈಕಿಗೆ ಎಸಿ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಗೊತ್ತಾಗಿದ್ದು 2025ರ ಆಗಸ್ಟ್‌ನಲ್ಲಿ. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಮೈಲೇಜ್ ಬಿದ್ದುಹೋಯಿತು ಅಂತ ಜನ ಬಾಯಿ ಬಡಿದುಕೊಂಡಾಗ ಪೆಟ್ರೋಲಿಯಂ ಸಚಿವಾಲಯ ಒಂದು ವಿವರಣೆ ಕೊಟ್ಟಿತಲ್ಲ, ನೀವೂ ಓದಿರುತ್ತೀರಿ. ಮೈಲೇಜಿಗೆ ಪೆಟ್ರೋಲ್ ಒಂದೇ ಕಾರಣ ಅಲ್ಲ, ಓಡಿಸುವ ರೀತಿ, ಆಯಿಲ್ ಬದಲಾಯಿಸುವುದು, ಏರ್ ಫಿಲ್ಟರ್, ಟೈರಿನ ಗಾಳಿ, ಅಲೈನ್‌ಮೆಂಟ್, ಕೊನೆಗೆ ಎಸಿಯ ಹೊರೆ, ಎಲ್ಲವೂ ಲೆಕ್ಕಕ್ಕೆ ಬರುತ್ತೆ ಅಂತ. ನಾನು ಕೂಡಲೇ ಕೆಳಗಿಳಿದು ಹೋಗಿ ಬೈಕನ್ನು ಮೂರು ಸುತ್ತು ಸುತ್ತಿ ನೋಡಿದೆ. ಸ್ವಿಚ್ ಸಿಗಲಿಲ್ಲ. ಬಹುಶಃ ಯಾವಾಗಲೂ ಆನ್ ಆಗೇ ಇರುತ್ತೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರು ಗಂಟೆಗೆ ಹೊರಟರೆ ಬೆರಳು ಮರಗಟ್ಟುವಷ್ಟು ತಂಪು ಬರುತ್ತೆ. ಏಪ್ರಿಲ್ ಮಧ್ಯಾಹ್ನ ಮಾತ್ರ ಕೈಕೊಡುತ್ತೆ. ಗ್ಯಾಸ್ ತುಂಬಿಸಬೇಕೇನೋ.

ಅದೆಲ್ಲ ಹಳೇ ಕತೆ. ಮತ್ತೆ ನೆನಪಾಗಿದ್ದು ಮೊನ್ನೆ ಸೋಮವಾರ ಬೆಳಿಗ್ಗೆ, ಫ್ಲೈಓವರ್ ಏರುವಾಗ, ಬೈಕ್ ಎರಡು ಸಲ ಕೆಮ್ಮಿ ಸುಮ್ಮನಾದಾಗ.

ನನ್ನದು ಹತ್ತು ಲೀಟರ್ ಟ್ಯಾಂಕ್. ಆಫೀಸಿಗೆ ಹೋಗಿ ಬರುವುದು ದಿನಕ್ಕೆ 30 ಕಿಲೋಮೀಟರ್. ಸೋಮವಾರ ಫುಲ್ ಮಾಡಿಸಿದರೆ ಮುಂದಿನ ವಾರದ ಶನಿವಾರ ಸಂಜೆ ಪೆಟ್ರೋಲಿನ ಲೈಟು ಹತ್ತಿಕೊಳ್ಳುತ್ತಿತ್ತು. ಗಡಿಯಾರದ ಹಾಗೆ. ಭಾನುವಾರ ಒಂದು ಸಣ್ಣ ಸುತ್ತು, ಸೋಮವಾರ ಬೆಳಿಗ್ಗೆ ಬಂಕು. ವರ್ಷಗಟ್ಟಲೆ ನಡೆದ ವ್ಯವಸ್ಥೆ ಇದು. ಈಗ ಲೈಟು ಶುಕ್ರವಾರವೇ ಹತ್ತುತ್ತೆ. ನನ್ನ ತಲೆ ಮಾತ್ರ ಇನ್ನೂ ಹಳೇ ಪೆಟ್ರೋಲಿನಲ್ಲೇ ಓಡುತ್ತಿದೆ, ಸೋಮವಾರದ ತನಕ ಬಂಕು ನೆನಪಾಗುವುದಿಲ್ಲ.

ಸರ್ಕಾರಿ ಲೆಕ್ಕದಲ್ಲಿ ಇಷ್ಟು ಬೀಳಬಾರದು. ನೀತಿ ಆಯೋಗದ 2021ರ ವರದಿಯ ಪ್ರಕಾರ, ಇ20ಗೆ ಅಂತ ತಯಾರಾಗದ ಹಳೇ ದ್ವಿಚಕ್ರ ವಾಹನಗಳಲ್ಲಿ ಬೀಳುವ ಮೈಲೇಜ್ ಶೇ 3ರಿಂದ 4, ಕಾರುಗಳಲ್ಲಿ ಶೇ 6ರಿಂದ 7. ಸಣ್ಣದು ಅಂತಾರೆ, ನಿಜ. ನನ್ನ 360 ಕಿಲೋಮೀಟರ್‌ಗೆ ಶೇ 4 ಅಂದರೆ ಹದಿನಾಲ್ಕು ಚಿಲ್ಲರೆ ಕಿಲೋಮೀಟರ್. ಸರಿಸುಮಾರು ಒಂದು ದಾರಿ. ಅಂದರೆ ಹದಿನೈದು ದಿನಕ್ಕೊಮ್ಮೆ ಸರ್ಕಾರ ನನ್ನನ್ನು ಆಫೀಸಿನ ತನಕ ಬಿಡುತ್ತೆ, ವಾಪಸ್ ಬರುವುದು ನಾನೇ ನೋಡಿಕೊಳ್ಳಬೇಕು. ಅದಕ್ಕಿಂತ ಜಾಸ್ತಿ ಬಿದ್ದಿದ್ದರೆ ಅದು ನನ್ನ ಟೈರು, ನನ್ನ ಏರ್ ಫಿಲ್ಟರ್, ನನ್ನ ಎಸಿ.

ಇಷ್ಟಕ್ಕೂ ಮೈಲೇಜ್ ವಿಷಯದಲ್ಲಿ ನಮ್ಮ ಜನ ನಿಜ ಹೇಳಿದ್ದು ಯಾವಾಗ ಹೇಳಿ? ಹೊಸ ಬೈಕ್ ತಂದ ದಿನ ಬಾಗಿಲಲ್ಲಿ ನಿಲ್ಲಿಸಿ ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿರುತ್ತೀರಿ. ಬಂದ ಮಾವ ಬಣ್ಣ ನೋಡುವುದಿಲ್ಲ, ಬ್ರೇಕ್ ನೋಡುವುದಿಲ್ಲ. ಒಂದೇ ಪ್ರಶ್ನೆ: ಎಷ್ಟು ಕೊಡುತ್ತೆ? ಸಂತೆಯಲ್ಲಿ ಹಸು ನೋಡಿದ ಹಾಗೆ. ಹಸುವಾದರೂ ಕೊಡುವುದು ಲೀಟರ್. ಇದು ಲೀಟರ್ ಕುಡಿದು ಕಿಲೋಮೀಟರ್ ಕೊಡುತ್ತೆ. ಆದರೂ ಕೇಳುವ ಧಾಟಿ ಒಂದೇ, ಹಿಂಬದಿ ತಟ್ಟಿ ನೋಡುವುದೂ ಒಂದೇ.

ಉತ್ತರವೂ ಹಸು ಮಾರುವವನದ್ದೇ. ನಮ್ಮ ಆಫೀಸಿನ ಒಬ್ಬರದ್ದು ಹದಿನಾಲ್ಕು ವರ್ಷದ ಗಾಡಿ. ಸೈಲೆನ್ಸರಿನಲ್ಲಿ ತೂತು, ಚೈನು ಮೊಣಕಾಲಿಗೆ ತಾಗುವಷ್ಟು ಸಡಿಲ. ಕೇಳಿದರೆ ಎಪ್ಪತ್ತು ಅಂತಾರೆ. ಕೆಳಗೆ ಬರುವುದೇ ಇಲ್ಲ. ಹೇಗೆ ಅಳೆದಿರಿ ಅಂದರೆ 'ನೂರು ರೂಪಾಯಿ ಹಾಕಿಸಿದರೆ ಮೂರು ದಿನ ಬರುತ್ತೆ' ಅಂತಾರೆ. ಪೆಟ್ರೋಲ್ ಅರವತ್ತು ರೂಪಾಯಿ ಇದ್ದಾಗಲೂ ನೂರಕ್ಕೆ ಮೂರು ದಿನ ಬರುತ್ತಿತ್ತಂತೆ, ನೂರು ದಾಟಿದ ಮೇಲೂ ಮೂರೇ ದಿನ. ಇಂಥ ಗಾಡಿ ಇರುವಾಗ ದೇಶ ಕಚ್ಚಾತೈಲ ಯಾಕೆ ತರಿಸುತ್ತೆ ಅನ್ನೋದೇ ನನಗೆ ಅರ್ಥವಾಗಿಲ್ಲ.

ಈ ರೋಗ ಹಿಡಿಸಿದ್ದರಲ್ಲಿ ಕಂಪನಿಗಳ ಪಾಲೂ ಇದೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಜಾಹೀರಾತು ಏನು ಹೇಳಿತು? ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್. ತುಂಬಿಸು, ಮುಚ್ಚು, ಮರೆತುಬಿಡು. ಅಲ್ಲಿಂದ ಇಲ್ಲಿಯ ತನಕ ನಾವು ತುಂಬಿಸಿದ್ದು ಮುಚ್ಚಿದ್ದು ಸರಿ, ಮರೆತವನು ಒಬ್ಬನೂ ಇಲ್ಲ. ಟ್ರಿಪ್ ಮೀಟರ್ ಜೀರೋ ಮಾಡಿ, ಡೈರಿಯಲ್ಲಿ ಬರೆದು, ಭಾಗಿಸಿ, ಬೇಜಾರಾಗಿ, ಮತ್ತೆ ಭಾಗಿಸಿದವರೇ ಎಲ್ಲ.

ಕ್ಯಾಟಲಾಗಿನ ಆ ನಂಬರ್ ಹೇಗೆ ಬರುತ್ತೆ ಗೊತ್ತಾ? ಬೈಕನ್ನು ಒಂದು ಕೋಣೆಯಲ್ಲಿ ರೋಲರ್ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತೆ, ಬೈಕ್ ನಿಂತಲ್ಲೇ ಇರುತ್ತೆ. ಇಲ್ಲಿಯ ತನಕ ನಮ್ಮ ರಸ್ತೆಯ ಹಾಗೇ. ಎದುರಿಗೊಂದು ಫ್ಯಾನು. ಓಡಿಸುವವನ ತೂಕ 75 ಕಿಲೋ ಅಂತ ಲೆಕ್ಕ. ಎಷ್ಟು ಸೆಕೆಂಡಿಗೆ ಎಷ್ಟು ವೇಗ ಅಂತ ಮೊದಲೇ ಬರೆದಿಟ್ಟಿರುತ್ತಾರೆ, ಅದರಂತೆ ಓಡಿಸಬೇಕು. ಹಿಂದೆ ನಮ್ಮಲ್ಲಿ ಬಳಸುತ್ತಿದ್ದ ಇಂಡಿಯನ್ ಡ್ರೈವಿಂಗ್ ಸೈಕಲ್ ಅನ್ನೋ ಪರೀಕ್ಷೆಯಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರ್. ಬಿಎಸ್4 ಅನ್ನೋ ಹೊಗೆ ನಿಯಮ ಬಂದ ಮೇಲೆ ಡಬ್ಲ್ಯುಎಂಟಿಸಿ ಅನ್ನೋ ಅಂತರರಾಷ್ಟ್ರೀಯ ಪರೀಕ್ಷೆ ಬಂತು, ವೇಗ ಸ್ವಲ್ಪ ಮನುಷ್ಯರದ್ದಾಯಿತು. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಯ ಭಾಗ. ಖರ್ಚಾದ ಪೆಟ್ರೋಲನ್ನು ಅವರು ಅಳೆಯಬೇಕಂತಲೇ ಇಲ್ಲ. ಸೈಲೆನ್ಸರಿನಿಂದ ಬಂದ ಹೊಗೆಯನ್ನು ಚೀಲದಲ್ಲಿ ಹಿಡಿದು, ಅದರಲ್ಲಿ ಇಂಗಾಲ ಎಷ್ಟಿದೆ ನೋಡಿ, ಹಿಂದಕ್ಕೆ ಲೆಕ್ಕ ಹಾಕಿ, ಇಷ್ಟು ಪೆಟ್ರೋಲ್ ಉರಿದಿರಬೇಕು ಅನ್ನುತ್ತಾರೆ. ಊಟದ ಖರ್ಚನ್ನು ತೇಗಿನ ಮೇಲೆ ಲೆಕ್ಕ ಹಾಕಿದ ಹಾಗೆ. ವಿಜ್ಞಾನ ಸರಿಯಾಗೇ ಇದೆ, ನಾನು ಜಗಳ ಮಾಡುವುದಿಲ್ಲ. ಆದರೆ ಆ ರೋಲರ್ ಮೇಲೆ ಹಿಂದಿನ ಸೀಟಿನಲ್ಲಿ ಹೆಂಡತಿ, ಟ್ಯಾಂಕಿನ ಮೇಲೆ ಮಗು, ಮಗುವಿನ ಮುಂದೆ ಸ್ಕೂಲ್ ಬ್ಯಾಗು, ಬದಿಗೆ ಅಡ್ಡಡ್ಡ ಕಟ್ಟಿದ ಗ್ಯಾಸ್ ಸಿಲಿಂಡರ್ ಇರಲಿಲ್ಲ. ಸಿಗ್ನಲ್‌ನಲ್ಲಿ ನೂರೆಂಬತ್ತರಿಂದ ಕೆಳಗಿಳಿಯುವ ಕೆಂಪು ನಂಬರೂ ಇರಲಿಲ್ಲ. ಅದನ್ನು ನೋಡುತ್ತಾ ನಿಂತಷ್ಟು ಹೊತ್ತು ಎಲ್ಲ ಕಂಪನಿಯ ಎಲ್ಲ ಗಾಡಿಯ ಮೈಲೇಜೂ ಒಂದೇ, ಸೊನ್ನೆ.

ನಿಜ ಹೇಳುತ್ತಿದ್ದುದು ರಿಸರ್ವ್ ನಾಬ್ ಒಂದೇ. ಹಳೇ ಬೈಕಿನವರಿಗೆ ಗೊತ್ತು. ಗಾಡಿ ಹೋಗ್ತಾ ಹೋಗ್ತಾ ಜೀವ ಬಿಟ್ಟ ಹಾಗೆ ಆಗುತ್ತೆ. ಎಡಗೈ ತಾನಾಗೇ ಮೊಣಕಾಲಿನ ಪಕ್ಕ ಇಳಿಯುತ್ತೆ, ಕಣ್ಣು ರಸ್ತೆ ಮೇಲೇ ಇರುತ್ತೆ. ನಾಬ್ ಅರ್ಧ ಸುತ್ತು. ಒಂದೆರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ಗುಟುಕ್ ಅಂತ ಪೆಟ್ರೋಲ್ ಇಳಿದು ಎಂಜಿನ್‌ಗೆ ಮತ್ತೆ ಉಸಿರು. ಇನ್ನು ನಲವತ್ತು ಐವತ್ತು ಕಿಲೋಮೀಟರ್ ಅಂತ ಲೆಕ್ಕ. ಅದೂ ಮುಗಿದರೆ ಬೈಕನ್ನು ಒಂದು ಪಕ್ಕಕ್ಕೆ ಮಲಗಿಸಿ, ಆ ಮೂಲೆಯ ಕೊನೇ ಗುಟುಕನ್ನು ಈ ಮೂಲೆಗೆ ತಂದು, ಇನ್ನೆರಡು ಕಿಲೋಮೀಟರ್. ಫ್ಯುಯೆಲ್ ಇಂಜೆಕ್ಷನ್ ಬಂತು, ನಾಬ್ ಹೋಯಿತು. ಈಗ ಆರು ಕಡ್ಡಿಯ ಡಿಜಿಟಲ್ ಮೀಟರ್. ಮೊದಲ ಕಡ್ಡಿ ಒಂದು ವಾರ ಅಲ್ಲಾಡುವುದಿಲ್ಲ. ಕೊನೆಯ ಎರಡು ಒಂದೇ ಸಿಗ್ನಲ್‌ನಲ್ಲಿ ಖಾಲಿ. ಸೈಡ್ ಸ್ಟ್ಯಾಂಡ್ ಹಾಕಿದರೆ ಒಂದು ಕಡ್ಡಿ ವಾಪಸ್ ಬರುತ್ತೆ, ಸುಮ್ನೆ ನಮ್ಮ ಸಮಾಧಾನಕ್ಕೆ.

ಎಲ್ಲಿದ್ದೆ? ಹಾಂ, ಇ20.

ಸಾಧನೆಯನ್ನು ಸಾಧನೆ ಅಂತಲೇ ಒಪ್ಪಬೇಕು. ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುವ ಗುರಿ ಮೊದಲು ಇದ್ದದ್ದು 2030ಕ್ಕೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಇ20ಗೆ ಚಾಲನೆ ಕೊಟ್ಟರು. 2025ರಲ್ಲಿ ಗುರಿ ಮುಟ್ಟಿಯೂ ಆಯಿತು. ಐದು ವರ್ಷ ಮುಂಚೆ! ನಮ್ಮಲ್ಲಿ ಒಂದು ಚರಂಡಿ ಕೆಲಸ ಐದು ದಿನ ಮುಂಚೆ ಮುಗಿದಿದ್ದನ್ನು ನೀವು ನೋಡಿದ್ದೀರಾ? ನನ್ನ ಟ್ಯಾಂಕಿನೊಳಗಿನ ಕಾಮಗಾರಿ ಮಾತ್ರ ಐದು ವರ್ಷ ಮುಂಚೆ ಮುಗಿದಿದೆ. ಟೇಪ್ ಕತ್ತರಿಸಲು ನನ್ನನ್ನು ಕರೆಯಲಿಲ್ಲ, ಅಷ್ಟೇ ಬೇಜಾರು.

ಎಥನಾಲ್ ಬರುವುದು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ. ಹೋದ ವರ್ಷ ಡಾಕ್ಟರು ನನಗೆ ಸಕ್ಕರೆ ಬಿಡಿ, ಅನ್ನ ಕಮ್ಮಿ ಮಾಡಿ ಅಂದರು. ಬಿಟ್ಟೆ. ಈಗ ನೋಡಿದರೆ ನಾನು ಬಿಟ್ಟಿದ್ದನ್ನೆಲ್ಲ ನನ್ನ ಬೈಕ್ ತಿನ್ನುತ್ತಿದೆ. ಸ್ವಲ್ಪ ದಿನದಲ್ಲಿ ಅದಕ್ಕೂ ಕಾಲು ಜೋಮು ಹಿಡಿಯಬಹುದು. ಆಕ್ಟೇನ್, ಅಂದರೆ ಎಂಜಿನ್ ಕುಟ್ಟದ ಹಾಗೆ ಉರಿಯುವ ಗುಣ, ಮಾತ್ರ ಜಾಸ್ತಿಯಂತೆ. ಪೆಟ್ರೋಲಿನದ್ದು 84.4, ಎಥನಾಲ್‌ನದ್ದು 108.5, ಹಾಗಾಗಿ ಪಿಕಪ್ ಚೆನ್ನಾಗಿರುತ್ತೆ ಅಂತ ಸಚಿವಾಲಯ ಹೇಳಿದೆ. ಒಳ್ಳೆಯದೇ. ಈ ಸಿಗ್ನಲ್‌ನಿಂದ ಆ ಸಿಗ್ನಲ್‌ಗೆ ಬೇಗ ಹೋಗಿ ಅಲ್ಲಿ ಇನ್ನೂ ಜಾಸ್ತಿ ಹೊತ್ತು ನಿಲ್ಲಬಹುದು.

ಬ್ರೆಜಿಲ್‌ನಲ್ಲಿ ಇ27 ಹಾಕುತ್ತಾರೆ, ಅಲ್ಲಿ ಯಾರೂ ಗೊಣಗುವುದಿಲ್ಲ ಅನ್ನೋ ಮಾತೂ ಬಂತು. ನಿಜ, 2025ರಲ್ಲಿ ಅಲ್ಲಿ ಇ30 ಕೂಡ ಬಂತು. ಆದರೆ ಅಲ್ಲಿ ಬಂಕಿನಲ್ಲಿ ಬೆರೆಸಿದ ಪೆಟ್ರೋಲಿನ ಪಕ್ಕದಲ್ಲೇ ಎಥನಾಲ್ ಬೇರೆ ಸಿಗುತ್ತೆ, ಅದರ ಬೆಲೆಯೂ ಬೇರೆ. ಎಥನಾಲ್ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಮ್ಮಿ ಇದ್ದರೆ ಹಾಕಿಸು, ಇಲ್ಲದಿದ್ದರೆ ಬೇಡ ಅಂತ ಜನರೇ ಲೆಕ್ಕ ಹಾಕುತ್ತಾರೆ. ಯಾಕೆ 70? ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಇದಕ್ಕೆ ಯಾವ ಪಕ್ಷವೂ ಹೊಣೆಯಲ್ಲ, ಅದು ಹುಟ್ಟಿದ್ದೇ ಹಾಗೆ. ನಮ್ಮ ಬಂಕಿನಲ್ಲಿ ನಮಗಿರುವ ಆಯ್ಕೆ ಎರಡು: ಕಾರ್ಡಾ, ಯುಪಿಐನಾ?

ನಮ್ಮ ಊರಲ್ಲಿ ಒಬ್ಬ ಹಾಲಿನವನಿದ್ದ. ಹಾಲಿಗೆ ನೀರು ಬೆರೆಸುತ್ತಿದ್ದ. ಅಜ್ಜಿ ಬೆರಳು ಅದ್ದಿ ಎತ್ತಿ ನೋಡಿ ಬೈಯುವಳು. ಅವನು ತಲೆ ತಗ್ಗಿಸಿ, ಹಸು ಮಳೆಯಲ್ಲಿ ನೆನೆದಿತ್ತಮ್ಮಾ ಅನ್ನುವನು. ಆ ಸುಳ್ಳಿನಲ್ಲಿ ಒಂದು ನಾಚಿಕೆ ಇತ್ತು. ನೀವು ಹಾಲು ಕಾಯಿಸುವ ರೀತಿ ಸರಿಯಿಲ್ಲಮ್ಮಾ, ಪಾತ್ರೆಯ ಅಲೈನ್‌ಮೆಂಟ್ ನೋಡಿಸಿ ಅಂತ ಅವನು ಯಾವತ್ತೂ ಅನ್ನಲಿಲ್ಲ.

ಬೆರೆಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಹೊರಗಿನಿಂದ ತರಿಸುವ ಎಣ್ಣೆ ಕಮ್ಮಿಯಾಗಲಿ. 2014ರಿಂದ ಈಚೆಗೆ 1.44 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು ವಿದೇಶಿ ವಿನಿಮಯ ಉಳಿದಿದೆ ಅಂತ ಸರ್ಕಾರ ಹೇಳುತ್ತೆ, ಉಳಿಯಲಿ. ಆದರೆ ಅದೇ ನೀತಿ ಆಯೋಗದ ವರದಿಯಲ್ಲಿ ಇನ್ನೊಂದು ಸಾಲು ಇತ್ತು. ಮೈಲೇಜ್ ಕಮ್ಮಿ ಆಗುವುದರಿಂದ ಬೆರಕೆ ಪೆಟ್ರೋಲಿನ ಬೆಲೆ ಮಾಮೂಲಿ ಪೆಟ್ರೋಲಿಗಿಂತ ಕಮ್ಮಿ ಇರಬೇಕು ಅಂತ. ಶೇ 3-4 ಅನ್ನೋ ಸಾಲನ್ನು ಎಲ್ಲರೂ ಓದಿದರು, ಈ ಸಾಲು ಬಂದಾಗ ಎಲ್ಲರ ಕನ್ನಡಕವೂ ಕಳೆದುಹೋಯಿತು. 2025ರಲ್ಲಿ ಕೇಳಿದರೆ ಎಥನಾಲ್ ಪೆಟ್ರೋಲಿಗಿಂತ ದುಬಾರಿಯಾಗಿದೆ, ಲೀಟರಿಗೆ 71 ರೂಪಾಯಿ ಬೀಳುತ್ತೆ ಅಂದರು. ಹೋಗಲಿ, ಬೆರಕೆಯಿಲ್ಲದ್ದೂ ಸಿಗುವ ಹಾಗೆ ಮಾಡಿ ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್ 1ರಂದು ಅರ್ಜಿ ವಜಾ ಆಯಿತು.

ರೈತರಿಗೆ ದುಡ್ಡು ಹೋಗುತ್ತೆ ಅಂತಾರಲ್ಲ, ಆ ಮಾತಿಗೆ ಮಾತ್ರ ನನ್ನ ಬಾಯಿ ಕಟ್ಟುತ್ತೆ. ನಮ್ಮ ಕಡೆಯೂ ಕಬ್ಬು ಬೆಳೆಯುವವರಿದ್ದಾರೆ. ಆದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಕೊಡಿ ಅಂತ ರಾತ್ರಿಯೂ ರಸ್ತೆಯಲ್ಲೇ ಕೂತವರು ಯಾರು? ಕೊನೆಗೆ 3,300ಕ್ಕೆ ಎದ್ದರು. ಬೈಕಿನವನ ಜೇಬಿನಿಂದ ಹೊರಟಿದ್ದು ಹೊಲದ ತನಕ ಹೋಗಿದ್ದರೆ ಅವರು ಅಲ್ಲಿ ಯಾಕೆ ಕೂರುತ್ತಿದ್ದರು? ನಡುವೆ ಎಲ್ಲೋ ಒಂದು ತೂತು ಇದೆ. ಅದು ನನ್ನ ಟ್ಯಾಂಕಿನಲ್ಲಿಲ್ಲ, ಬಗ್ಗಿ ನೋಡಿದ್ದೇನೆ. ಸಾಕಾಗಿದೆ ಸ್ವಾಮಿ. ಮೈಲೇಜ್ ಬಿದ್ದಿದೆ ಅಂದವನಿಗೆ ಹೌದು ಬಿದ್ದಿದೆ ಅನ್ನೋಕೆ ಇಷ್ಟು ಕಷ್ಟ ಯಾಕೆ?

ಬಂಕಿನಲ್ಲಿ ನಮ್ಮ ಜನ ತೋರಿಸುವ ಜಾಣತನವನ್ನು ಇಲ್ಲೇ ಹೇಳಿಬಿಡುತ್ತೇನೆ. ನೂರಕ್ಕೆ ಹಾಕಿಸಿದರೆ ಮೋಸ, ಮೆಷಿನ್ ಸೆಟ್ ಮಾಡಿರುತ್ತಾರೆ, ಅದಕ್ಕೇ ನೂರಾ ಹತ್ತಕ್ಕೆ ಹಾಕಿಸಬೇಕು. ಎಲ್ಲರೂ ನೂರಾ ಹತ್ತು ಅನ್ನುತ್ತಾರೆ. ಈಗ ನೂರಾ ಹತ್ತೂ ಸೆಟ್ ಆಗಿದೆ ಅಂತ ಒಬ್ಬರು ನೂರಾ ಹದಿನೇಳಕ್ಕೆ ಹಾಕಿಸುತ್ತಾರೆ. 'ಜೀರೋ ನೋಡಿ ಸಾರ್' ಅಂದರೆ ಕಣ್ಣು ಮಿಟುಕಿಸದೆ ಜೀರೋ ನೋಡುತ್ತೇವೆ. ಮುಗಿದ ಮೇಲೆ ನಾಝಲ್ ಅಲ್ಲಾಡಿಸಿ ಅಂತ ಹೇಳಿ, ಕೊನೆಯ ಮೂರು ಹನಿ ಬೀಳುವುದನ್ನು ತೀರ್ಥದಂತೆ ನೋಡುತ್ತೇವೆ. ಲೀಟರಿಗೆ ಇನ್ನೂರು ಎಂಎಲ್ ಎಥನಾಲ್ ಆಗಲೇ ಒಳಗೆ ಹೋಗಿರುತ್ತೆ.

ಸರಿ, ಫ್ಲೈಓವರ್‌ಗೆ ಬರೋಣ. ಹೆಲ್ಮೆಟ್ ತೆಗೆದು ಟ್ಯಾಂಕಿನ ಮುಚ್ಚಳ ತೆರೆದು ಒಳಗೆ ನೋಡಿದೆ. ಕತ್ತಲು. ಬೈಕನ್ನು ಆ ಕಡೆ ಈ ಕಡೆ ಅಲ್ಲಾಡಿಸಿದೆ. ಮೊದಲೆಲ್ಲ ತಳದಲ್ಲಿ ಗುಳುಗುಳು ಅನ್ನುತ್ತಿತ್ತು, ಅದೂ ಇಲ್ಲ. ಹಿಂದೆ ಹಾರ್ನ್ ಶುರುವಾಯಿತು. ತಳ್ಳತೊಡಗಿದೆ. ಏರಿನಲ್ಲಿ ಬೈಕಿನ ನಿಜವಾದ ತೂಕ ಗೊತ್ತಾಗುತ್ತೆ, ಕ್ಯಾಟಲಾಗಿನಲ್ಲಿ ಅದೂ ಕಮ್ಮಿಯೇ ಬರೆದಿರುತ್ತಾರೆ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಬಂದ. ಬೆನ್ನ ಮೇಲೆ ಡೆಲಿವರಿ ಬ್ಯಾಗು. ಪೆಟ್ರೋಲಾ ಅಂಕಲ್ ಅಂದ. ಹೂಂ ಅಂದೆ. ಕೂತ್ಕೊಳಿ, ನ್ಯೂಟ್ರಲ್ ಮಾಡಿ ಅಂದ. ತನ್ನ ಗಾಡಿಯ ಮೇಲೆ ಕೂತೇ ಬಲಗಾಲು ಚಾಚಿ ನನ್ನ ಬೈಕಿನ ಹಿಂದಿನ ಫುಟ್‌ರೆಸ್ಟಿಗೆ ಒತ್ತಿ ತಳ್ಳತೊಡಗಿದ. ಎರಡು ಗಾಡಿ, ಒಂದು ಎಂಜಿನ್. ಅವನ ಪೆಟ್ರೋಲಿನಲ್ಲಿ ನಾನು ಹೋಗುತ್ತಿದ್ದೆ. ಅವನ ಮೈಲೇಜ್ ಹಾಳಾಗುವುದಕ್ಕೆ ಈಗ ಇನ್ನೊಂದು ಕಾರಣ ಸೇರಿತು, ಮುಂದಿನ ವಿವರಣೆಯಲ್ಲಿ ಸೇರಿಸಿಕೊಳ್ಳಬಹುದು.

ಇಳಿಜಾರು ಬಂತು. ಬಂಕಿನ ಬೋರ್ಡು ಕಾಣಿಸಿತು. ಗಾಳಿಯ ಸದ್ದಿನ ನಡುವೆ ಹುಡುಗ ಪಕ್ಕದಿಂದ ಕೂಗಿದ:

"ಗಾಡಿ ಚೆನ್ನಾಗಿಟ್ಟಿದ್ದೀರ ಅಂಕಲ್. ಎಷ್ಟು ಕೊಡುತ್ತೆ?"

"ಅರವತ್ತು" ಅಂದೆ.