‘ಪರವಾಗಿಲ್ಲ ಬಿಡಿ’ ಅಂದರೆ ಕ್ಷಮೆಯಲ್ಲ

ಭಾನುವಾರ ಹಿಂದೆ ಮುಂದಿನ ಬೆಂಚಿನಲ್ಲಿ ಕೂತು ಒಂದೇ ಕೀರ್ತನೆ ಹಾಡಿ, ಒಂದೇ ರೊಟ್ಟಿಯಲ್ಲಿ ಪಾಲು ತಗೊಂಡು, ಗೇಟು ದಾಟಿದ ಮೇಲೆ ಮುಖ ತಿರುಗಿಸಿಕೊಂಡು ಹೋಗುವ ಅಣ್ಣತಮ್ಮಂದಿರು ನಮ್ಮ ಸಭೆಗಳಲ್ಲಿ ಕಡಿಮೆಯೇನಿಲ್ಲ. ಕೇಳಿ ನೋಡಿ, ಇಬ್ಬರೂ “ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ” ಅಂತಾರೆ. ಬೇಕಂತ ಸುಳ್ಳು ಹೇಳುತ್ತಿಲ್ಲ ಅವರು. ಕ್ಷಮೆ ಅಂದರೆ “ಪರವಾಗಿಲ್ಲ ಬಿಡಿ” ಅಂದು ಎದ್ದು ಹೋಗುವುದು ಅಂತ ನಾವೇ ಅವರಿಗೆ ಕಲಿಸಿಟ್ಟಿದ್ದೇವೆ.

ಕರ್ತನ ಪ್ರಾರ್ಥನೆಯಲ್ಲಿ “ನಮ್ಮ ತಪ್ಪುಗಳನ್ನು ಕ್ಷಮಿಸು” ಅನ್ನುತ್ತೇವಲ್ಲ, ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದದ ನೇರ ಅರ್ಥ ‘ಸಾಲ’. ಕ್ಷಮಿಸು ಅನ್ನುವ ಪದಕ್ಕೆ ಬಿಟ್ಟುಬಿಡು, ಮನ್ನಾ ಮಾಡು ಅಂತ ಅರ್ಥ. ಸಾಲ ಮನ್ನಾ ಅಂದರೇನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎಷ್ಟು ಬಾಕಿ ಅಂತ ಪುಸ್ತಕದಲ್ಲಿ ಬರೆಯದೆ ಯಾರೂ ಮನ್ನಾ ಮಾಡಲಾರರು. ಮತ್ತೆ, ಮನ್ನಾ ಆದ ದುಡ್ಡು ಗಾಳಿಯಲ್ಲಿ ಕರಗುವುದಿಲ್ಲ, ಕೊಟ್ಟವನ ಕೈಯಿಂದಲೇ ಹೋಗುತ್ತದೆ. ‘ಪರವಾಗಿಲ್ಲ ಬಿಡಿ’ ಅನ್ನುವುದರಲ್ಲಿ ಈ ಎರಡೂ ಇಲ್ಲ. ಲೆಕ್ಕ ಬರೆದಿರುವುದಿಲ್ಲ, ನಷ್ಟ ಒಪ್ಪಿಕೊಂಡಿರುವುದಿಲ್ಲ. ಅದಕ್ಕೇ ಆರು ತಿಂಗಳು ಬಿಟ್ಟು, ಯಾರದೋ ಮದುವೆಯ ಪಂಕ್ತಿಯಲ್ಲಿ ಅದೇ ವಿಷಯ ಹೊಸದಾಗಿ ಉರಿಯುತ್ತದೆ.

ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯಕಥೆಯಲ್ಲಿ ಒಬ್ಬ ಆಳಿಗೆ 10,000 ತಲಾಂತು ಮನ್ನಾ ಆಗುತ್ತದೆ. ಅವನೇ ಹೊರಗೆ ಬಂದು 100 ದಿನಾರಿಗೆ ಇನ್ನೊಬ್ಬನ ಕತ್ತು ಹಿಡಿಯುತ್ತಾನೆ. ದಿನಾರಿ ಅಂದರೆ ಒಂದು ದಿನದ ಕೂಲಿ. ತಲಾಂತು ಅಂದರೆ ಸುಮಾರು 6,000 ದಿನಾರಿ. ಹಾಗಾದರೆ ಮೊದಲನೆಯದು 6 ಕೋಟಿ ದಿನಗಳ ಕೂಲಿ, ಎರಡನೆಯದು 100 ದಿನದ್ದು. ಪ್ರಸಂಗಗಳಲ್ಲಿ ಆ 100 ದಿನಾರಿಯನ್ನು ಚಿಲ್ಲರೆ ಕಾಸು ಅಂದುಬಿಡುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ದಿನಕ್ಕೆ 600 ರೂಪಾಯಿ ಅಂತ ಹಿಡಿದರೂ 60,000 ಆಯಿತು. ಕೂಲಿ ಮಾಡುವವನಿಗೆ ಅದು ಚಿಲ್ಲರೆಯಲ್ಲ. ನಿನಗಾದ ನೋವು ಸಣ್ಣದು ಅಂತ ಯೇಸು ಎಲ್ಲೂ ಹೇಳಲಿಲ್ಲ. ನಿನಗೆ ಬಿಟ್ಟದ್ದು ಎಷ್ಟು ಅಂತ ನೆನಪಿಟ್ಟುಕೊಂಡು ವಸೂಲಿಗೆ ಹೊರಡು ಅಂದರು, ಅಷ್ಟೇ.

ಈಗ ಮಾಡುವುದು ಹೇಗೆ? ಒಂದು ಹಾಳೆ ತಗೊಳ್ಳಿ. ಮೊಬೈಲ್ ಬೇಡ, ಫಾರ್ವರ್ಡ್ ಮಾಡುವ ಆಸೆ ಹುಟ್ಟುತ್ತದೆ. ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಏನು ನಡೆಯಿತು ಅಂತ ಬರೆಯಿರಿ, ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. ಅಣ್ಣನ ಮಗಳ ಮದುವೆ ಕಾರ್ಡಿನಲ್ಲಿ ತಮ್ಮನ ಹೆಸರಿಲ್ಲ ಅನ್ನಿ. “ಕಾರ್ಡಿನಲ್ಲಿ ನನ್ನ ಹೆಸರು ಹಾಕಿರಲಿಲ್ಲ” ಅನ್ನುವುದು ನಡೆದದ್ದು. “ಬೇಕಂತಲೇ ನನ್ನ ಮಾನ ಕಳೆದ” ಅನ್ನುವುದು ನಮ್ಮ ತೀರ್ಪು, ಅದನ್ನು ಹೊಡೆದುಹಾಕಿ. ಎರಡನೆಯದರಲ್ಲಿ, ಇದರಿಂದ ನನಗೆ ಏನು ಹೋಯಿತು? “ಬೀಗರ ಮುಂದೆ ತಲೆ ತಗ್ಗಿಸಬೇಕಾಯ್ತು. ಹೆಂಡತಿ ಎರಡು ದಿನ ಅತ್ತಳು.” ಮೂರನೆಯ ಭಾಗವೇ ಕಷ್ಟದ್ದು. ಅವನಿಂದ ನಾನು ಏನು ಬರಲಿ ಅಂತ ಕಾಯುತ್ತಿದ್ದೇನೆ? “ಅದೇ ಬೀಗರ ಮುಂದೆ ಅವನು ತಪ್ಪಾಯ್ತು ಅನ್ನಬೇಕು.” ಕೆಲವೊಮ್ಮೆ “ಅವನಿಗೂ ಹೀಗೇ ಆಗಬೇಕು” ಅಂತಲೂ ಬರುತ್ತದೆ. ಬಂದರೆ ಬರೆಯಿರಿ. 55ನೇ ಕೀರ್ತನೆ ಓದಿದವರಿಗೆ ಇದು ಹೊಸದಲ್ಲ. ಶತ್ರು ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ, ನನ್ನ ಜೊತೆ ದೇವಾಲಯಕ್ಕೆ ಬರುತ್ತಿದ್ದ ಗೆಳೆಯನೇ ಹೀಗೆ ಮಾಡಿದನಲ್ಲ ಅಂತ ಅಲ್ಲಿ ಕೀರ್ತನೆಗಾರ ಗೋಳಾಡುತ್ತಾನೆ, ಶಪಿಸುತ್ತಾನೆ ಕೂಡ. ದೇವರ ಮುಂದೆ ಆ ಮಾತಿಗೆ ಜಾಗವಿದೆ.

ಬರೆದದ್ದನ್ನು ಗಟ್ಟಿಯಾಗಿ ಓದಿ ಪ್ರಾರ್ಥನೆ ಮಾಡಿ. “ಕರ್ತನೇ, ಇಷ್ಟು ಬಾಕಿ ಇದೆ. ಇದನ್ನು ಇನ್ನು ಅವನ ಹತ್ತಿರ ಕೇಳುವುದಿಲ್ಲ, ನಿನಗೆ ಒಪ್ಪಿಸುತ್ತೇನೆ.” ಮೂರನೆಯ ಭಾಗ ಹರಿದುಹಾಕಿ, ಉಳಿದದ್ದರ ಹಿಂದೆ ತಾರೀಖು ಬರೆಯಿರಿ. ಆ ತಾರೀಖು ಮುಂದೆ ಬೇಕಾಗುತ್ತದೆ. ಹತ್ತು ದಿನ ಬಿಟ್ಟು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಹೊಟ್ಟೆ ಉರಿದಾಗ “ನಾನು ಕ್ಷಮಿಸಿಯೇ ಇಲ್ಲ” ಅಂತ ಹೆದರಬೇಡಿ. ಮನ್ನಾ ಆದ ಸಾಲಕ್ಕೂ ಹಳೇ ನೋಟಿಸು ಬರುವುದುಂಟು. ತಾರೀಖು ನೆನಪು ಮಾಡಿಕೊಳ್ಳಿ, ಅದೇ ಒಂದು ವಾಕ್ಯ ಮತ್ತೆ ಹೇಳಿ. ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಯೇಸು ಅಂದದ್ದು ಬೇರೆ ಬೇರೆ ತಪ್ಪುಗಳಿಗೆ ಮಾತ್ರ ಅಲ್ಲ, ಒಂದೇ ತಪ್ಪಿಗೂ ಅಷ್ಟು ಸಾರಿ ಬೇಕಾಗಬಹುದು. ಜೊತೆಗೆ ಅವರ ಹೆಸರು ಹಿಡಿದು ಆಶೀರ್ವಾದ ಕೇಳಿ. “ಎಲ್ಲರಿಗೂ ಒಳ್ಳೆಯದಾಗಲಿ” ಅಂದರೆ ಸಾಲದು, “ಅಣ್ಣನ ಶುಗರ್ ಹತೋಟಿಗೆ ಬರಲಿ, ಆ ಹುಡುಗಿ ಗಂಡನ ಮನೆಯಲ್ಲಿ ಸುಖವಾಗಿರಲಿ” ಅನ್ನಬೇಕು. ಮೊದಲ ವಾರ ನಾಲಿಗೆ ಏಳುವುದಿಲ್ಲ. ಏಳದಿದ್ದರೂ ಹೇಳಿ.

ಹೋಗಿ ಮಾತಾಡುವುದು ಈ ಕೆಲಸ ಆದ ಮೇಲೆ, ಮೊದಲಲ್ಲ. ಮತ್ತಾಯ 18:15 ‘ನೀನೂ ಅವನೂ ಇಬ್ಬರೇ’ ಇರುವಾಗ ಅನ್ನುತ್ತದೆ. ಫ್ಯಾಮಿಲಿ ಗ್ರೂಪಿನಲ್ಲಿ ಅಲ್ಲ, ಆರಾಧನೆ ಮುಗಿದು ಜನ ಕೈಕುಲುಕುವಾಗ ಅಲ್ಲ. “ಅಣ್ಣಾ, ಕಾರ್ಡಿನಲ್ಲಿ ನನ್ನ ಹೆಸರಿಲ್ಲದ್ದು ನೋಡಿ ತುಂಬಾ ನೋವಾಯ್ತು. ಹೇಗಾಯ್ತು ಅಂತ ನಿನ್ನ ಬಾಯಿಂದಲೇ ಕೇಳೋಣ ಅಂತ ಬಂದೆ.” ಇಷ್ಟೇ ಸಾಕು, ಆಮೇಲೆ ಸುಮ್ಮನಿರಿ. “ನೀನು ಯಾವಾಗ್ಲೂ ಹೀಗೇ”, “ಎಲ್ಲರೂ ಹೇಳ್ತಾರೆ” ಎಂದು ಶುರುಮಾಡಿದರೆ ಮಾತು ಅಲ್ಲೇ ಕೆಡುತ್ತದೆ. ಇನ್ನು, ತಾನು ನೋಯಿಸಿದ್ದೇ ಗೊತ್ತಿಲ್ಲದವರ ಮನೆಗೆ ಹೋಗಿ “ನಿಮ್ಮನ್ನು ಕ್ಷಮಿಸಿದ್ದೇನೆ” ಅನ್ನಬೇಡಿ. ಅದು ಅವರಿಗೆ ಹೊಸ ಗಾಯ.

ಎರಡು ಕೆಟ್ಟ ಅಭ್ಯಾಸಗಳ ಬಗ್ಗೆ ಹೇಳಲೇಬೇಕು. ಪ್ರಾರ್ಥನಾ ಕೂಟದಲ್ಲಿ “ಆ ಬ್ರದರ್‌ಗೋಸ್ಕರ ಪ್ರಾರ್ಥನೆ ಮಾಡಿ, ಏನಾಯ್ತು ಗೊತ್ತಾ” ಅಂತ ಪೂರ್ತಿ ಕಥೆ ಹೇಳುವುದು. ಒಬ್ಬರಿಗೇ ತಾಗಲಿ ಅಂತ ಸ್ಟೇಟಸ್ಸಿಗೆ ವಚನ ಹಾಕುವುದು. ಎರಡೂ ದೇವರ ಹೆಸರಿನಲ್ಲಿ ಮಾಡುವ ವಸೂಲಿ.

ಇದೆಲ್ಲಕ್ಕಿಂತ ಗಂಭೀರವಾದದ್ದು, ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು “ಕ್ಷಮಿಸಮ್ಮಾ” ಅಂತ ವಾಪಸ್ ಕಳಿಸುವುದು, ಮಗುವಿನ ಮೇಲೆ ಆದ ದೌರ್ಜನ್ಯವನ್ನು ಕಮಿಟಿಯಲ್ಲಿ ಮುಚ್ಚಿಹಾಕುವುದು. ಇದು ಕ್ಷಮೆಯ ಹೆಸರಿನಲ್ಲಿ ಮಾಡುವ ಅನ್ಯಾಯ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿ ಇದೆ. ದೂರು ಕೊಟ್ಟವರು ಕ್ಷಮಿಸಿಲ್ಲ ಅಂತ ಅರ್ಥವಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ 10 ಮತ್ತು 6 ವರ್ಷದ ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಲ್ಲೇ ಸುಟ್ಟರು. ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂದರು, ಬಾರಿಪದಾದ ಕುಷ್ಠರೋಗಿಗಳ ಸೇವೆಯಲ್ಲೇ ವರ್ಷಗಟ್ಟಲೆ ಉಳಿದರು. ಕೇಸು ತನ್ನ ಪಾಡಿಗೆ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅವರ ಕ್ಷಮೆ ಕೋರ್ಟಿಗೆ ಅಡ್ಡ ಬರಲಿಲ್ಲ, ಕೋರ್ಟಿನ ತೀರ್ಪಿನಿಂದ ಅವರ ಕ್ಷಮೆ ಸುಳ್ಳಾಗಲಿಲ್ಲ.

ನಂಬಿಕೆ ಮತ್ತೆ ಬೆಳೆಯುವುದು ಬೇರೆಯೇ ಕೆಲಸ, ಅದಕ್ಕೆ ಕಾಲ ಹಿಡಿಯುತ್ತದೆ. ಯೋಸೇಫನು ತನ್ನನ್ನು ಮಾರಿಬಿಟ್ಟಿದ್ದ ಅಣ್ಣಂದಿರನ್ನು ಕಂಡ ಕೂಡಲೇ ತಬ್ಬಿಕೊಳ್ಳಲಿಲ್ಲ, ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಪಾತ್ರೆ ಇಡಿಸಿ, ತಮ್ಮನನ್ನು ಈಗಲೂ ಬಿಟ್ಟುಹೋಗುತ್ತಾರಾ ಅಂತ ಪರೀಕ್ಷಿಸಿದ. ತಬ್ಬಿಕೊಂಡ ಮೇಲೂ ಅವರಿಗೆ ಧೈರ್ಯ ಬರಲಿಲ್ಲ. 17 ವರ್ಷ ಐಗುಪ್ತದಲ್ಲಿ ಅವನು ಕೊಟ್ಟ ಅನ್ನ ತಿಂದು, ಅಪ್ಪ ಸತ್ತ ಮೇಲೆ “ಈಗ ಸೇಡು ತೀರಿಸಿಕೊಳ್ಳುತ್ತಾನೆ” ಅಂತ ನಡುಗಿ, ಅಪ್ಪನ ಹೆಸರು ಹೇಳಿ ಕ್ಷಮೆ ಬೇಡಿ ಕಳಿಸಿದರು. ಅದನ್ನು ಕೇಳಿ ಯೋಸೇಫ ಅತ್ತ. ನೀವು ನನಗೆ ಕೇಡನ್ನೇ ಬಗೆದಿರಿ ಅಂತ ನೇರವಾಗಿಯೇ ಹೇಳಿದ, ಲೆಕ್ಕ ಅಳಿಸಲಿಲ್ಲ. ಹೆದರಬೇಡಿ ಅಂದ. ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಸಾಕುತ್ತೇನೆ, ಹೆದರಬೇಡಿ ಅಂತ ಇನ್ನೊಮ್ಮೆ ಅಂದ.